ಐರಾವತದ ಬಾಲದ ಕೊಕ್ಕೆ

ಸೀನ ಐರಾವತದ ಬಾಲದಿಂದ ಬಿದ್ದ ಮೇಲೆ ಅವನ ಸೊಂಟದಲ್ಲಿದ್ದ ಸುರಕ್ಷತೆಯ ಬೆಲ್ಟನ್ನು ಬಿಚ್ಚಿ ತೆಗೆದರು. ಆಮೇಲೆ, ಬಣ್ಣ ಹೊಡೆಯಲು ಬೆಲ್ಟ್ ಹಾಕದೆ ಹತ್ತಿದ್ದ ಎಂದು ಪೊಲೀಸರಲ್ಲಿ ಬರೆಸಿದರು.

ಆ ಬೆಲ್ಟಿನ ಇನ್ನೊಂದು ತುದಿ ಈಗ ಸೇವಂತಿಯ ಕಣ್ಣೆದುರು ನೇತಾಡುತ್ತಿತ್ತು.

ಬಾಲದ ಒಳಗೆ, ನೆತ್ತಿಯ ಕಬ್ಬಿಣದ ಪೈಪಿಗೆ ಸಿಕ್ಕಿಸಿದ ಕೊಕ್ಕೆ. ಕೊಕ್ಕೆಗೆ ಗೇಣುದ್ದದ ನೈಲಾನ್ ಪಟ್ಟಿ. ಅಲ್ಲಿಗೇ ಅದು ತುಂಡಾಗಿತ್ತು. ಸೀನ ಬಿದ್ದ ಮೇಲೆ ಈ ಬಾಲಕ್ಕೆ ಹತ್ತಲು ಯಾರೂ ಒಪ್ಪಿರಲಿಲ್ಲ. ಹೇಗೂ ಸುಡುವ ಸಾಮಾನು, ಒಳಗೆ ಏನು ಉಳಿದರೇನು ಎಂದು ಮೇಲಿನವರೂ ಸುಮ್ಮನಿದ್ದರು.

ಸೇವಂತಿ ಕೈ ಚಾಚಿದಳು. ಒಂದು ಮೊಳ ಸಾಲಲಿಲ್ಲ. ಅಡಿಕೆ ಮರದ ಸಲಾಕೆಯ ಪಕ್ಕೆಲುಬಿನ ಮೇಲೆ ಕಾಲೂರಿ, ಮೈಯನ್ನು ಖಾಲಿ ಜಾಗಕ್ಕೆ ಬಿಟ್ಟಳು. ಕೆಳಗೆ, ಮೂರಾಳೆತ್ತರದ ಕೆಳಗೆ, ಕಡಿದ ರಬ್ಬರ್ ಮರಗಳ ಬೊಡ್ಡೆಗಳು. ಅವುಗಳಲ್ಲಿ ಒಂದರ ಮೇಲೆಯೇ ಸೀನನ ಬೆನ್ನು ಮುರಿದದ್ದು.

ಕೆಳಗಿನಿಂದ ಮೈಕು ಅರಚಿತು.

"ಎಲ್ಲರೂ ಕೇಳಿ! ಸೂರ್ಯ ಗುಡ್ಡದ ತುದಿ ಮುಟ್ಟಿದ ತಕ್ಷಣ ಐರಾವತಕ್ಕೆ ಬೆಂಕಿ. ಒಂದೇ ಶಾಟ್. ಎರಡನೇ ಐರಾವತ ನಮ್ಮ ಹತ್ರ ಇಲ್ಲ!"

ಅದು ಕೌಶಲ್. ಸಿನಿಮಾದ ಯಜಮಾನ. ಬೆಂಗಳೂರಿನಿಂದ ಬಂದವನು. ಅವನ ದನಿ ಮೈಕಿನಲ್ಲಿ ಕೇಳುವುದೇ ಹೆಚ್ಚು, ಡೇರೆಯಿಂದ ಹೊರಗೆ ಅವನನ್ನು ಕಂಡವರು ಕಡಿಮೆ.

ಸೇವಂತಿಯ ಬೆರಳಿಗೆ ಕೊಕ್ಕೆ ಸಿಕ್ಕಿತು.

ಐರಾವತ ಇನ್ನು ಇನ್ನೂರು ವರ್ಷ ಕಳೆದ ಮೇಲಿನ ಯುದ್ಧದ ವಿಮಾನ. ಚಂದ್ರನ ಗಣಿಗಳಿಗಾಗಿ ನಡೆಯುವ ಯುದ್ಧವಂತೆ. ಕಥೆಯಲ್ಲಿ ಅದು ಒಂದೇ ಸಲಕ್ಕೆ ಮೂರು ಸಾವಿರ ಸೈನಿಕರನ್ನೂ ಅವರ ಟ್ಯಾಂಕುಗಳನ್ನೂ ಹೊತ್ತು ಆಕಾಶ ದಾಟುತ್ತದೆ. ಕೋಡಿಂಬಾಳದ ಬೋಳು ಗುಡ್ಡದಲ್ಲಿ ಅದು ಪ್ಲೈವುಡ್ಡು, ಅಡಿಕೆ ಸಲಾಕೆ, ಕಬ್ಬಿಣದ ಪೈಪು ಮತ್ತು ಬೆಳ್ಳಿ ಬಣ್ಣ. ಕಡಬ ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ಸೆಲ್ಫಿ ತೆಗೆಯುತ್ತಾರೆ. ಮೂರು ಸಾವಿರ ಜನರನ್ನು ಹೊರುವ ವಿಮಾನದ ಕೆಳಗೆ ಬಿದ್ದವನನ್ನು ಹೊರಲು ಗೂಡ್ಸ್ ಆಟೋ ಬಂತು. ಪುತ್ತೂರು ಮುಟ್ಟುವ ಮೊದಲೇ ಸೀನ ಸತ್ತಿದ್ದ.

ಸೇವಂತಿ ಪಟ್ಟಿಯ ತುದಿಯನ್ನು ಬೆಳಕಿಗೆ ಹಿಡಿದಳು.

ಕತ್ತಿಯ ಗುರುತಿಲ್ಲ. ಸವೆದು ಹರಿದಿದ್ದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳಬೇಕಿತ್ತು, ಅದೂ ಇಲ್ಲ. ಎಳೆಗಳೆಲ್ಲ ಕರಗಿ ಒಂದಕ್ಕೊಂದು ಅಂಟಿ, ಆಮೇಲೆ ಒಣಗಿ, ಹಳೆಯ ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು. ಉಗುರು ತಾಗಿಸಿದರೆ ಪುಡಿ ಉದುರಿತು. ಕೊಕ್ಕೆಯ ಬುಡದಲ್ಲಿ ಮಾತ್ರ ಪಟ್ಟಿ ಹೊಸತರಂತೆ ಮೆತ್ತಗೆ, ಗಟ್ಟಿಮುಟ್ಟು.

ಐವರ್ನಾಡಿನ ಅವಳ ಮನೆಯಲ್ಲೂ ರಬ್ಬರ್ ಉಂಟು. ಚಿಕ್ಕಂದಿನಲ್ಲಿ ಅಪ್ಪನ ಆಸಿಡ್ ಕ್ಯಾನ್ ಮಗುಚಿ ದನದ ನೈಲಾನ್ ಹಗ್ಗದ ಮೇಲೆ ಬಿದ್ದಿತ್ತು. ಮರುದಿನ ಹಗ್ಗ ಹೀಗೆಯೇ ಆಗಿತ್ತು. ದನ ಕುತ್ತಿಗೆ ಕೊಡವಿದ್ದೇ ತುಂಡು.

ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವ ಆಸಿಡ್. ಈ ಊರಿನಲ್ಲಿ ಅದಿಲ್ಲದ ಶೆಡ್ಡಿಲ್ಲ.

ಕೊಕ್ಕೆಯ ಕುತ್ತಿಗೆಗೆ ಯಾವುದೋ ಟೇಪು ಸುತ್ತಿತ್ತು. ಬಣ್ಣ ಹೊಡೆಯುವಾಗ ಅದರ ಮೇಲೂ ಬೆಳ್ಳಿ ಬಣ್ಣ ಕೂತಿತ್ತು. ಅವಳು ಎಲ್ಲವನ್ನೂ ಚೀಲಕ್ಕೆ ಹಾಕಿ ಇಳಿಯತೊಡಗಿದಳು.

ಹದಿನಾಲ್ಕು ವರ್ಷ ಪೊಲೀಸ್ ಕೆಲಸ ಮಾಡಿ ಬಿಟ್ಟು ಬಂದ ಸೇವಂತಿಯನ್ನು ಇಲ್ಲಿಗೆ ಕಳಿಸಿದ್ದು ವಿಮೆಯವರು. ಬೆಲ್ಟ್ ಇರಲಿಲ್ಲ ಎಂದು ಒಂದು ಸಾಲು ಬರೆದು ತಂದರೆ ಸಾಕು ಎಂದಿದ್ದರು.

ವಿಮಾನದ ಹೊಟ್ಟೆ ಗೋಡೌನಿನಷ್ಟು ದೊಡ್ಡದು. ಅದರ ತುದಿಯಲ್ಲಿ ಪ್ಲೈವುಡ್ಡಿನ ಸಣ್ಣ ಕೋಣೆ. ಬಾಗಿಲಿಗೆ ಬೀಗ. ಸುಡುವ ವಿಮಾನದೊಳಗೆ ಹಿತ್ತಾಳೆಯ ಹೊಸ ಬೀಗ.

"ಅಕ್ಕಾ! ನೀವು ಎಂತ ಮಾರಾಯ್ರೆ!"

ವಯರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಸಾಹುಲ್ ಹಮೀದ್ ನಿಂತಿದ್ದ. ಪುತ್ತೂರಿನವನು. ಸಿನಿಮಾಗಳಿಗೆ ಬೆಂಕಿ, ಹೊಗೆ, ಸ್ಫೋಟ ಮಾಡಿಕೊಡುವುದು ಅವನ ಕಸುಬು.

"ಬೆಂಕಿ ಕೊಡುವ ಹೊತ್ತಿಗೆ ಒಳಗೆ ತಿರುಗುದಾ? ನಾನು ನೋಡದೆ ಸ್ವಿಚ್ ಒತ್ತಿದ್ರೆ ನೀವು ಕಬಾಬ್ ಆಗ್ತಿದ್ರಿ."

"ನೀವು ನೋಡ್ತೀರಿ ಅಂತ ಗೊತ್ತಿತ್ತು."

"ನನ್ನ ಹೆಂಡತಿಗೂ ನನ್ನ ಮೇಲೆ ಇಷ್ಟು ನಂಬಿಕೆ ಇಲ್ಲ." ಅವನು ನಕ್ಕ. ನಗು ಬೇಗ ಆರಿತು. "ನಡೀರಿ ಅಕ್ಕ, ಹೊರಗೆ."

"ಈ ಕೋಣೆಯಲ್ಲಿ ಎಂತ ಉಂಟು?"

"ಲೈಟಿನ ಸಾಮಾನು ಅಂತೆ. ಸುಡುವ ಜಾಗದಲ್ಲಿ ಎಂತ ಉಂಟು ಅಂತ ನೋಡದೆ ನಾನು ಬೆಂಕಿ ಕೊಡುದಿಲ್ಲ, ಕೀ ಕೊಡಿ ಅಂದೆ. ಬೈಗುಳ ಸಿಕ್ಕಿತು. ಹಟ ಮಾಡಿದೆ. ನಾಳೆ ಖಾಲಿ ಮಾಡಿಸ್ತೇವೆ ಅಂದ್ರು. ಅದರ ಮರುದಿನವೇ ಪಾಪ ಸೀನಣ್ಣ ಬಿದ್ದದ್ದು, ಮತ್ತೆ ಎಲ್ಲ ಗಡಿಬಿಡಿ. ಈಗ ಖಾಲಿ ಆಗಿದೆ ಅಂತಾರೆ."

"ಬೈದದ್ದು ಯಾರು?"

ಅವನ ಎದೆಗೆ ಕಟ್ಟಿದ ವಾಕಿಟಾಕಿ ಕಿರುಚಿತು. ಸಾಹುಲ್ ಸ್ವಿಚ್ಚಿನ ಪೆಟ್ಟಿಗೆಯತ್ತ ಓಡಿದ.

ಹೊರಗೆ ಬೆಳ್ಳಿ ಬಣ್ಣದ ಸಮವಸ್ತ್ರ ಹಾಕಿದ ಭವಿಷ್ಯದ ಸೈನಿಕರು ಪ್ಲಾಸ್ಟಿಕ್ ಬಂದೂಕುಗಳನ್ನು ಕಂಕುಳಲ್ಲಿ ಸಿಕ್ಕಿಸಿ ಗೋಳಿಬಜೆ ತಿನ್ನುತ್ತಿದ್ದರು. ಎಲ್ಲರೂ ಆಸುಪಾಸಿನ ಊರಿನವರೇ.

"ಐರಾವತ ಅಂದ್ರೆ ನಮ್ಗೆ ಬೆಂಗಳೂರು ಬಸ್ಸು ಮಾರಾಯ. ಇದು ಸುಬ್ರಹ್ಮಣ್ಯದಲ್ಲಿ ನಿಲ್ತದಾ ಕೇಳು."

"ನಿಲ್ಲುದಿಲ್ಲ. ನಿನ್ನನ್ನು ಚಂದ್ರನಲ್ಲಿ ಇಳಿಸಿ, ಘಾಟಿ ಬಂದ್ ಅಂತ ಹೇಳ್ತಾರೆ."

ನಗು ಎದ್ದಿತು. ಸೇವಂತಿ ನಗಲಿಲ್ಲ. ಸೂರ್ಯ ಗುಡ್ಡಕ್ಕೆ ಎರಡು ಆಳೆತ್ತರ ದೂರದಲ್ಲಿದ್ದ. ಸೀನನ ಹೆಂಡತಿ ಸುಂದರಿ ಎಲ್ಲಿದ್ದಾಳೆ ಎಂದು ಕೇಳಿದಳು. ಒಬ್ಬ ಸೈನಿಕ ಗೋಳಿಬಜೆಯ ಕೈಯಿಂದ ಇಳಿಜಾರಿನ ಕೆಳಗಿನ ರಬ್ಬರ್ ಶೀಟಿನ ಶೆಡ್ಡು ತೋರಿಸಿದ.

"ಧನಿಗಳು ಕರೆಸಿದ್ದಾರೆ."

ಧನಿ ಎಂದರೆ ಶೈಲೇಶ್ ರೈ. ಗುಡ್ಡ ಅವನದು, ತೋಟ ಅವನದು. ಸಿನಿಮಾದವರಿಗೆ ಜಾಗ, ಆಳು, ಊಟ, ಎಲ್ಲಕ್ಕೂ ಅವನೇ.

ಶೆಡ್ಡಿನ ಒಳಗೆ ಸುಂದರಿ ಶೀಟು ಒತ್ತುವ ಮೆಷಿನಿನ ಕಬ್ಬಿಣದ ಚಕ್ರ ಹಿಡಿದುಕೊಂಡು ನಿಂತಿದ್ದಳು. ಬಿಟ್ಟರೆ ಬೀಳುವವಳ ಹಾಗೆ. ಎದುರು ಶೈಲೇಶ್, ಮೆತ್ತಗಿನ ದನಿ.

"ನಿನ್ನನ್ನು ಹೆದರಿಸ್ಲಿಕ್ಕೆ ಹೇಳುದಲ್ಲ ಸುಂದರಿ. ಸೀನ ಬೀಳುವ ಮುಂಚಿನ ದಿನ ಅವನ ಬೆಲ್ಟ್ ತೊಳೆದದ್ದು ಯಾರು?"

"ನಾನೇ ಧನಿ."

"ಎಲ್ಲಿ?"

"ಇಲ್ಲಿ. ಬಣ್ಣ ಹಿಡಿದು ಗಬ್ಬಾಗಿತ್ತು. ಹಾಲು ಹೆಪ್ಪು ಹಾಕುವ ಡಿಶ್ಶಿನಲ್ಲಿ ನೀರು ಇತ್ತು, ಅದರಲ್ಲೇ ಜಾಲಿಸಿದೆ."

"ಯಾವ ನೀರು?"

ಸುಂದರಿ ಚಕ್ರವನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಆಸಿಡ್ ಹಾಕಿದ ನೀರು. ಹೌದಾ ಅಲ್ವಾ?"

"ಹೌದು ಧನಿ."

ಕೆಲಸದ ಗಡಿಬಿಡಿಯಲ್ಲಿ ಇಲ್ಲಿ ಯಾರೂ ಮಾಡುವ ತಪ್ಪು. ಹಾಲಿಗೆ ಬೆರೆಸಲು ಕಲಸಿಟ್ಟ ನೀರು ಎದುರಿಗಿರುತ್ತದೆ, ಬಾವಿ ಕೆಳಗಿರುತ್ತದೆ. ಲುಂಗಿಯೋ ರವಿಕೆಯೋ ಕೈಗೆ ಸಿಕ್ಕಿದ್ದನ್ನು ಅದರಲ್ಲೇ ಜಾಲಿಸಿ ಹಿಂಡುತ್ತಾರೆ.

ಸೇವಂತಿ ಒಳಗೆ ಕಾಲಿಟ್ಟಳು.

"ಮುಂದುವರಿಸಿ ಶೈಲೇಶ್‌ರವರೇ. ನಾನೂ ಕೇಳ್ತೇನೆ."

ಶೈಲೇಶ್ ತಿರುಗಿದ. ಬೆಚ್ಚಲಿಲ್ಲ. ಬಂದದ್ದು ಒಳ್ಳೆಯದಾಯಿತು ಎಂಬಂತೆ ಅವಳಿಗೆ ಒಂದು ಸ್ಟೂಲು ಎಳೆದು ಹಾಕಿದ.

"ಕೂತ್ಕೊಳ್ಳಿ ಮೇಡಂ. ನೀವೂ ರಬ್ಬರ್ ಊರಿನವರೇ. ನಿಮ್ಗೆ ಬಿಡಿಸಿ ಹೇಳುದು ಬೇಡ."

"ಬೆಲ್ಟ್ ಇರಲಿಲ್ಲ ಅಂತ ನೀವು ಬರೆಸಿದ್ದು."

"ನಾನೇ."

"ಸೊಂಟದಿಂದ ಬಿಚ್ಚಿದ್ದು?"

"ಅದೂ ನಾನೇ. ಈಗಲೂ ನನ್ನ ಜೀಪಿನಲ್ಲಿ ಉಂಟು." ಅವನು ಸುಂದರಿಯ ಕಡೆ ನೋಡಿದ. "ಬಿಚ್ಚುವಾಗಲೇ ಗೊತ್ತಾಯ್ತು ಪಟ್ಟಿ ಆಸಿಡಿಗೆ ಕರಗಿದ್ದು ಅಂತ. ತೊಳೆದವಳು ಇವಳು ಅಂತಲೂ ಗೊತ್ತಿತ್ತು. ಪೊಲೀಸರ ಕೈಗೆ ಅದು ಸಿಕ್ಕಿದ್ರೆ ಗಂಡನನ್ನು ಕೊಂದವಳು ಅಂತ ಇವಳನ್ನೇ ಒಳಗೆ ಹಾಕ್ತಿದ್ರು. ನಾನು ಇವಳನ್ನು ಉಳಿಸಿದ್ದು ಮೇಡಂ."

"ಶೂಟಿಂಗ್ ಕೂಡ ಉಳಿಯಿತು."

"ಉಳಿಯಿತು. ಸುಳ್ಳು ಹೇಳುದಿಲ್ಲ." ಅವನು ಕೈ ಚೆಲ್ಲಿದ. "ಈಗ ಸಂಜೆ ಬಾಲದಲ್ಲಿ ಉಳಿದ ತುಂಡೂ ಸುಟ್ಟು ಬೂದಿಯಾದ್ರೆ ಎಲ್ಲ ಮುಗೀತು. ಇವಳು ತೋಟದಲ್ಲೇ ಇರ್ಲಿ, ಮನೆ ಬಿಡಿ ಅಂತ ನಾನು ಹೇಳುದಿಲ್ಲ. ಬೇಡ, ಈ ವಿಷಯ ಹೊರಗೆ ತೆಗೀಬೇಕು ಅಂತ ನಿಮ್ಗೆ ಹಟ ಇದ್ರೆ ತೆಗೀರಿ. ಮೊದಲು ಪೊಲೀಸ್ ಜೀಪ್ ಹತ್ತುದು ಇವಳು."

ಶೆಡ್ಡಿನ ತಗಡಿನ ಮೇಲೆ ಏನೋ ಬಿದ್ದು ಉರುಳಿತು. ಸುಂದರಿ ಬೆಚ್ಚಿದಳು.

"ಬೇಡ ಮೇಡಂ," ಎಂದಳು. "ಸುಡ್ಲಿ. ಧನಿ ಹೇಳಿದ್ದು ಸರಿ. ಬಾವಿಗೆ ಹೋಗ್ಲಿಕ್ಕೆ ಉದಾಸೀನ ಮಾಡಿದೆ. ನಾನೇ ನಮ್ಮ ಇವರನ್ನು..."

ಸೇವಂತಿ ಅವಳ ಮಾತು ಮುಗಿಯಲು ಬಿಡಲಿಲ್ಲ. ಚೀಲದಿಂದ ಕೊಕ್ಕೆ ತೆಗೆದು ಮೆಷಿನಿನ ಮೇಲಿಟ್ಟಳು.

ಶೈಲೇಶ್ ಅದರ ಮೇಲೆ ಬಾಗಿದ. ಅದು ಇನ್ನೂ ಬಾಲದಲ್ಲೇ ಇದೆ ಎಂದು ಅವನು ನಂಬಿದ್ದ.

"ಸುಂದರಿಯಕ್ಕ, ಡಿಶ್ಶಿಗೆ ಆಸಿಡ್ ಎಷ್ಟು ಹಾಕುದು?"

"ಎಂತ ಮೇಡಂ ಇದು ಈಗ?"

"ಹೇಳಿ."

"ಒಂದು ಚೂರು. ಚಮಚದಷ್ಟು. ಮತ್ತೆಲ್ಲ ನೀರೇ."

"ಆ ನೀರಿನಲ್ಲಿ ಕೈ ಅದ್ದುದಿಲ್ವಾ ದಿನಾ?"

"ಅದ್ದುದು."

"ಕೈ ಕರಗಿದೆಯಾ?"

ಸುಂದರಿ ತನ್ನ ಅಂಗೈ ನೋಡಿಕೊಂಡಳು. ಬಿರುಕು ಬಿಟ್ಟ, ಚರ್ಮ ಸುಲಿದ ಅಂಗೈ. ಆದರೆ ಇತ್ತು.

"ನೋಡಿ. ಜಾಲಿಸಿದ್ರೆ ಪಟ್ಟಿ ಇಡೀ ಒದ್ದೆ ಆಗ್ಬೇಕು. ಇಲ್ಲಿ ಮೆತ್ತಗೆ ಉಂಟು, ಹೊಸ ಪಟ್ಟಿ. ಈ ಒಂದು ತುದಿ ಮಾತ್ರ ಕರಗಿದೆ. ಇದು ನೀರಿನ ಕೆಲಸ ಅಲ್ಲ. ಕ್ಯಾನಿನಿಂದ ತೆಗೆದ ಆಸಿಡ್, ನೀರು ಸೋಕದ್ದು. ಕೋಲಿಗೆ ಬಟ್ಟೆ ಸುತ್ತಿ ಒಂದೇ ಜಾಗಕ್ಕೆ ಸವರಿದ್ದು."

"ಇದೆಲ್ಲ ಬಾಯಿ ಮಾತು," ಎಂದ ಶೈಲೇಶ್. ದನಿಯಲ್ಲಿ ಮೊದಲ ಸಲ ಬಿಸಿ ಏರಿತ್ತು. "ತೊಳೆದದ್ದು ಇವಳು. ಅವನು ಹಾಕಿದ್ದು ಅದನ್ನೇ. ಆಸಿಡ್ ಇದ್ದದ್ದು ಇಲ್ಲಿ. ಯಾವ ಕೋರ್ಟು ನಿಮ್ಮ ಕೋಲು-ಬಟ್ಟೆ ಕೇಳ್ತದೆ?"

ಸೇವಂತಿ ಸುಂದರಿಯತ್ತ ಬಾಗಿದಳು.

"ತೊಳೆದು ಎಲ್ಲಿ ಒಣಗಿಸಿದ್ರಿ?"

"ಹೊರಗೆ ಹನಿ ಬರ್ತಿತ್ತು. ಹೊಗೆಮನೆಯಲ್ಲಿ ಹಾಕಿದೆ, ಶೀಟಿನ ಸಾಲಿನಲ್ಲಿ. ಬೆಳಿಗ್ಗೆ ಅಲ್ಲಿಂದ ತಕ್ಕೊಳ್ಳಿ ಅಂತ ಹೇಳಿದೆ ಅವರಿಗೆ."

"ತಕ್ಕೊಂಡದ್ದು ನೋಡಿದ್ರಾ?"

"ಇಲ್ಲ. ನಾನು ನಸುಕಿಗೇ ರಬ್ಬರ್ ಹಾಲು ತೆಗೀಲಿಕ್ಕೆ ಹೋಗಿದ್ದೆ."

"ಆಮೇಲೆ ಹೊಗೆಮನೆಯ ಬಾಗಿಲು ಯಾರಾದ್ರೂ ತೆಗೆದಿದ್ದಾರಾ?"

"ಶೀಟು ಒಣಗಿ ಬೇಯುವವರೆಗೆ, ನಾಲ್ಕೈದು ದಿನ, ತೆಗೀಲಿಕ್ಕಿಲ್ಲ ಮೇಡಂ. ಕಟ್ಟಿಗೆ ಹೊರಗಿನಿಂದಲೇ ದೂಡುದು. ಬಾಗಿಲು ತೆಗೆದ್ರೆ ಹೊಗೆಯೆಲ್ಲ ಹೋಗ್ತದೆ. ಅವರಿಗೂ ನಾನು ಅದಕ್ಕೇ ಯಾವಾಗ್ಲೂ ಬೈಯುದು..."

ಸುಂದರಿ ನಿಲ್ಲಿಸಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಓಡಿದ್ದು ಸುಂದರಿ.

ಶೀಟು ಒಣಗಿಸುವ ಹೊಗೆಮನೆಯ ಬಾಗಿಲು ಎಳೆದಾಗ ಹೊಗೆ ಎದೆಗೆ ಗುದ್ದಿತು. ಸುಂದರಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳದೆಯೇ ಒಳಗೆ ನುಗ್ಗಿದಳು. ಸಾಲು ಸಾಲು ಶೀಟುಗಳು, ಜೇನುಬಣ್ಣಕ್ಕೆ ತಿರುಗಿದ್ದವು. ಅವುಗಳ ನಡುವಿನಿಂದ ಕೆಮ್ಮು, ಮತ್ತೆ ಕೆಮ್ಮು. ಆಮೇಲೆ ಒಂದು ಸದ್ದು. ಅಳುವೋ ನಗೆಯೋ ತಿಳಿಯುವಂತಿರಲಿಲ್ಲ.

ಅವಳು ಹೊರಬಂದಾಗ ಎರಡೂ ಕೈಯಲ್ಲಿ ಬೆಲ್ಟ್ ಇತ್ತು. ಹೊಗೆಗೆ ಕಂದಾಗಿದ್ದ, ಇಡಿಯಾಗಿದ್ದ ಬೆಲ್ಟ್. ಸೇವಂತಿ ಅದರ ಪಟ್ಟಿ ಹಿಡಿದು ಎಳೆದಳು. ಗಟ್ಟಿಯಾಗಿತ್ತು.

"ಇದೇ," ಎಂದಳು ಸುಂದರಿ. "ಬಕ್ಕಲ್ ಒತ್ತುತ್ತದೆ ಅಂತ ನಾನೇ ಬಟ್ಟೆ ಹೊಲಿದು ಕೊಟ್ಟದ್ದು. ಇದೇ ಅವರದ್ದು. ತಕ್ಕೊಳ್ಳಿ ಅಂದ್ರೂ, ಬಾಗಿಲು ತೆಗೆದ್ರೆ ನಾನು ಬೈತೇನೆ ಅಂತ..."

"ಬೇರೆಯವರ ಬೆಲ್ಟ್ ಹಾಕಿ ಹತ್ತಿದ್ರು," ಎಂದು ಸೇವಂತಿ ವಾಕ್ಯ ಮುಗಿಸಿದಳು.

ಬಾಗಿಲಲ್ಲಿ ಶೈಲೇಶ್ ನಿಂತಿದ್ದ. ಬೆಲ್ಟ್ ನೋಡಿದ.

"ಹಾಗಾದ್ರೆ ಅವನು ಹಾಕಿದ್ದು ಯಾರದ್ದು?" ಎಂದು ಅವನೇ ಕೇಳಿದ.

ಸೇವಂತಿ ಕೊಕ್ಕೆಯನ್ನು ಅಂಗೈಯಲ್ಲಿ ತಿರುಗಿಸಿದಳು. ಕುತ್ತಿಗೆಗೆ ಸುತ್ತಿದ ಟೇಪು. ಬೆಳ್ಳಿ ಬಣ್ಣವನ್ನು ಉಗುರಿನಿಂದ ಕೆರೆದಳು. ಸಿಪ್ಪೆ ಎದ್ದು ಬಂತು.

ಒಳಗೆ ಕೆಂಪು.

ಮೇಲಿನಿಂದ ಮೈಕು ಕೂಗಿತು. "ಸೈನಿಕರು ಹಿಂದಕ್ಕೆ! ಕ್ಯಾಮೆರಾ ರೆಡಿ! ಬೆಳಕು ಹೋಗ್ತಿದೆ ಕಣ್ರೀ, ಬೇಗ!"

ಸೇವಂತಿ ಗುಡ್ಡ ಹತ್ತಿ ಓಡಿದಳು. ಸುಂದರಿ ಅವಳ ಹಿಂದೆ, ಬೆಲ್ಟನ್ನು ಎದೆಗೊತ್ತಿಕೊಂಡು. ಶೈಲೇಶ್ ಇಬ್ಬರ ಹಿಂದೆ, ಫೋನಿನಲ್ಲಿ ಯಾರನ್ನೋ ಹಿಡಿಯಲು ಒದ್ದಾಡುತ್ತ.

ಐರಾವತ ಇಳಿಬಿಸಿಲಿನಲ್ಲಿ ನಿಜವಾಗಿಯೂ ಹಾರಲು ಸಿದ್ಧವಾದಂತೆ ಹೊಳೆಯುತ್ತಿತ್ತು. ಅದರಿಂದ ದೂರ, ಮರಳ ಚೀಲಗಳ ಹಿಂದೆ, ಸಾಹುಲ್ ಹಮೀದ್ ಸ್ವಿಚ್ಚಿನ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದ. ಪೆಟ್ಟಿಗೆಗೆ ಕೀ ಹಾಕಿ ತಿರುಗಿಸಿ ಆಗಿತ್ತು. ಹಸಿರು ದೀಪ ಉರಿಯುತ್ತಿತ್ತು. ಪೆಟ್ಟಿಗೆಯ ಹಿಡಿಗೆ ಕೆಂಪು ಟೇಪು. ಇಕ್ಕಳಕ್ಕೆ ಕೆಂಪು ಟೇಪು. ನೀರಿನ ಬಾಟಲಿಗೂ ಕೆಂಪು ಟೇಪು.

"ಸಾಹುಲ್, ನಿಮ್ಮ ಬೆಲ್ಟ್ ಎಲ್ಲುಂಟು?"

"ಈಗ ಅದಾ ಅಕ್ಕ? ಕಾಣುದಿಲ್ಲ. ಸೀನಣ್ಣ ಬಿದ್ದ ದಿನದಿಂದ ಇಲ್ಲ. ಯಾರೋ ಎತ್ತಿದ್ರು ಅಂತ ಸುಮ್ಮನಾದೆ. ಮತ್ತೆ ಬಾಲಕ್ಕೆ ಯಾರೂ ಹತ್ತಲೂ ಇಲ್ಲ."

ಸೇವಂತಿ ಕೊಕ್ಕೆಯನ್ನು ಪೆಟ್ಟಿಗೆಯ ಮೇಲಿಟ್ಟಳು.

ಅವನು ನೋಡಿದ. ಟೇಪು ಮುಟ್ಟಿದ. ಕರಗಿದ ತುದಿಯನ್ನು ಮುಟ್ಟಲು ಹೋದ ಬೆರಳು ಅರ್ಧದಲ್ಲೇ ನಿಂತಿತು.

"ಅವತ್ತು ಬಾಲಕ್ಕೆ ವಯರ್ ಎಳೀಲಿಕ್ಕೆ ಹತ್ತಬೇಕಾದದ್ದು ನಾನು," ಎಂದ. ಮಾತು ತುಂಬ ಸಣ್ಣದಾಗಿ ಹೊರಬಂತು. "ಮೊದಲು ನನ್ನದು ಆಗ್ಲಿ, ಬಣ್ಣ ಒಣಗ್ಬೇಕು ಅಂತ ಸೀನಣ್ಣ ಹೇಳಿದ್ರು. ನಾನು ಚಾ ಕುಡೀಲಿಕ್ಕೆ ಹೋದೆ. ಬೆಲ್ಟ್ ಕಂಬದಲ್ಲೇ ನೇತು ಹಾಕಿದ್ದೆ."

"ಕೀ ಕೇಳಿದ ಮರುದಿನ."

"ಕೀ ಕೇಳಿದ ಮರುದಿನ."

"ಕೋಣೆಯ ಕೀ ಯಾರ ಹತ್ರ ಕೇಳಿದ್ದು ಸಾಹುಲ್?"

ಅವನ ಕಣ್ಣು ಕೌಶಲನ ಡೇರೆಯತ್ತ ಹೋಯಿತು. ಸೇವಂತಿ ತಿರುಗಿದಾಗ ಕಂಡದ್ದು ಇನ್ನೊಂದು. ಓಡಿ ಬಂದು ಏದುಸಿರು ಬಿಡುತ್ತಿದ್ದ ಶೈಲೇಶನ ಕಣ್ಣೂ ಅಲ್ಲೇ ನೆಟ್ಟಿತ್ತು.

"ನನ್ನ ಹತ್ರ ಅವನು ಹೇಳಿದ್ದೇ ಬೇರೆ," ಎಂದ ಶೈಲೇಶ್, ಯಾರಿಗೂ ಅಲ್ಲದಂತೆ. "ಸುಂದರಿ ಬೆಲ್ಟ್ ತೊಳೆದದ್ದು ನೋಡಿದೆ ಅಂತ ನಂಗೆ ಹೇಳಿದ್ದೇ ಕೌಶಲ್."

ಬೆಂಗಳೂರಿನಿಂದ ಬಂದವನಿಗೆ, ಆಸಿಡ್ ಕ್ಯಾನಿರುವ ಶೀಟಿನ ಶೆಡ್ಡಿನಲ್ಲಿ ಏನು ಕೆಲಸವಿತ್ತು?

ಸಾಹುಲನ ಎದೆಯ ಮೇಲಿನ ವಾಕಿಟಾಕಿ ಗರಗರ ಎಂದಿತು.

"ಸಾಹುಲ್, ಫೈರ್."

ಸಾಹುಲ್ ಸ್ವಿಚ್ಚು ಮುಟ್ಟಲಿಲ್ಲ. ಸೂರ್ಯ ಗುಡ್ಡದ ತುದಿಗೆ ತಾಗಿದ್ದ.

"ಸಾಹುಲ್! ಏನ್ ಕಾಯ್ತಿದ್ದೀಯಾ? ಶೈಲೇಶ್, ನೀವಿದ್ದೀರಾ ಅಲ್ಲಿ? ಒತ್ತಿಸ್ರೀ!"

ಶೈಲೇಶ್ ಹಣೆ ಒರೆಸಿಕೊಂಡ. ಅವನು ಡೇರೆ ನೋಡಿದ, ತನ್ನ ಗುಡ್ಡ ನೋಡಿದ, ನೋಡುತ್ತ ನಿಂತಿದ್ದ ಊರಿನವರನ್ನು ನೋಡಿದ. ಒಂದು ಕ್ಷಣ ಅವನು ಬೇರೆ ಮಾತು ಆಡಬಹುದು ಎಂದು ಸೇವಂತಿಗೆ ಅನ್ನಿಸಿತು.

"ಒತ್ತು ಸಾಹುಲ್," ಎಂದ. "ಮೊದಲು ಒತ್ತು. ಮತ್ತೆ ಮಾತಾಡುವ."

ಸಾಹುಲ್ ಪೆಟ್ಟಿಗೆಯ ಕೀ ತಿರುಗಿಸಿ ಎಳೆದ. ಹಸಿರು ದೀಪ ಆರಿತು; ಬೀಗ ಹಾಕಿದ ಆ ಕೋಣೆ ಸುಡದೆ ಉಳಿಯಿತು. ಅವನು ಎದ್ದು, ಸುಂದರಿಯ ಹತ್ತಿರ ಹೋಗಿ, ಕೀಯನ್ನು ಅವಳ ಸುಲಿದ ಅಂಗೈಯಲ್ಲಿಟ್ಟ.

"ನನ್ನ ಸಾವು ಇವರ ಗಂಡನಿಗೆ ಬಂದದ್ದು ಶೈಲೇಶಣ್ಣ. ಕೀ ಇನ್ನು ಇವರ ಹತ್ರ ಇರ್ಲಿ."

ಬೆಳ್ಳಿ ಸಮವಸ್ತ್ರದವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಯಾರೂ ಜೋಕು ಹೇಳಲಿಲ್ಲ. ಕೌಶಲನ ಡೇರೆಯ ಪರದೆ ಸರಿಯಿತು.

ಶೈಲೇಶ್ ಕೈ ಚಾಚಿದ. ಸುಂದರಿ ಈ ತೋಟಕ್ಕೆ ಮದುವೆಯಾಗಿ ಬಂದಂದಿನಿಂದ ಆ ಕೈ ಚಾಚಿದಾಗಲೆಲ್ಲ ಏನಾದರೂ ಕೊಟ್ಟೇ ಇದ್ದಳು.

"ಸುಂದರಿ. ಕೀ ಕೊಡು ಇಲ್ಲಿ."

ಅವಳು ಬೆರಳು ಮಡಚಿದಳು.

"ಕೊಡುದಿಲ್ಲ."